ಮಾನಮ್ಮ ಉಸಿರು ಒತ್ತಿದ ಎರಡು ದಿನ

ಶಹಾಪುರದ ಕಡೆಯಿಂದ ಪುಣೆಗೆ ಬಂದ ಮಾನಮ್ಮ ಎಷ್ಟು ಮಹಡಿಗಳಿಗೆ ಕಾಂಕ್ರೀಟು ಹೊತ್ತಿದ್ದಳೋ ಅವಳಿಗೇ ನೆನಪಿಲ್ಲ. ಸ್ಲ್ಯಾಬ್ ಹಾಕುವ ದಿನ ಹೆಂಗಸರ ಸಾಲಿನಲ್ಲಿ ಮೊದಲ ಜಾಗ ಅವಳದೇ. ಅವಳು ಬುಟ್ಟಿ ದಾಟಿಸಿದ ಹಾಗೆ ಉಳಿದವರ ಕೈ ಓಡಬೇಕು. ಗಂಡ ಅಂಬಾರಾಯ ಸ್ಲ್ಯಾಬಿನ ಅಡಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ಮಾತು ಕಡಿಮೆ, ನಗು ಜಾಸ್ತಿ. ಮನೆಯ ಮಾತನ್ನೆಲ್ಲ ಇವಳೇ ಆಡಬೇಕಿತ್ತು. ಅದಕ್ಕೆ ಅವಳ ತಕರಾರೂ ಇರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಳೆಗಾಲ. ಪುಣೆಯ ಕಾತ್ರಜದ ತಗಡಿನ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿದ್ದ ಅಂಬಾರಾಯನಿಗೆ ರಾತ್ರಿ ಕಟ್ಟುಹಾವು ಕಚ್ಚಿತು. ಅದರ ಕಡಿತ ಸೊಳ್ಳೆ ಕಚ್ಚಿದಷ್ಟೂ ನೋಯುವುದಿಲ್ಲ. ಬೆಳಿಗ್ಗೆ ನೋಡಿದರೆ ಅವನ ರೆಪ್ಪೆ ಮೇಲೇಳುತ್ತಿಲ್ಲ, ಕೊಟ್ಟ ಚಹಾ ಬಾಯಿಂದ ಹೊರಗೆ ಹರಿಯುತ್ತಿದೆ. ಹಾಸಿಗೆ ಕೊಡವಿದಾಗ ಹಾವು ಹೊರಬಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನು ಕೊರಡಿನಂತೆ ಬಿದ್ದುಕೊಂಡ.

ಪಕ್ಕದ ಶೆಡ್ಡಿನ ಶಿವಬಸವ್ವನಿಗೆ ಎಲ್ಲದರಲ್ಲೂ ಅವಸರ. ಅವನ ಮೂಗಿನ ಬಳಿ ಬೆರಳಿಟ್ಟು, "ಹೋದನಲ್ಲೋ ಎಪ್ಪಾ!" ಎಂದು ಗೋಳಿಟ್ಟವಳೇ ಮಾನಮ್ಮನ ಬಲಗೈ ಎಳೆದು ಬಳೆಗಳನ್ನೆಲ್ಲ ಕಲ್ಲಿಗೆ ಅಪ್ಪಳಿಸಿಬಿಟ್ಟಳು. ಎಡಗೈಗೆ ಕೈ ಹಾಕುವಷ್ಟರಲ್ಲಿ ಮಾನಮ್ಮ ಕೊಸರಿಕೊಂಡು ಗಂಡನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಹೊಟ್ಟೆ ಇಷ್ಟೇ ಇಷ್ಟು ಏರಿ ಇಳಿಯಿತು.

"ಜೀವ ಅದ! ಗಾಡಿ ತರಸ್ರೀ!" ಎಂದು ಕಿರುಚಿದಳು.

ಸರಕಾರಿ ದವಾಖಾನೆಯಲ್ಲಿದ್ದ ಡಾಕ್ಟರ್ ಬಿಂದುಮಾಧವರು ವಿಜಾಪುರದವರು. ವಿಷಕ್ಕೆ ಮದ್ದು ಚುಚ್ಚಿದರು, ಗಂಟಲಿಗೆ ನಳಿಗೆ ಇಳಿಸಿದರು, ಅದರ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿದರು. ಉಸಿರಾಡಿಸುವ ಯಂತ್ರ ಇದ್ದದ್ದೊಂದೇ, ಅದನ್ನು ಇನ್ನೊಬ್ಬ ರೋಗಿಗೆ ಹಚ್ಚಿದ್ದರು. ಡಾಕ್ಟರು ಚೀಲವನ್ನು ಮಾನಮ್ಮನ ಕೈಗೆ ಕೊಟ್ಟರು.

"ಇವನ ಪುಪ್ಪಸ ಛಲೋ ಅದಾವವ್ವಾ. ಆದ್ರ ಗಾಳಿ ಒಳಗ ಬರಬೇಕಂದ್ರ ಎದಿ ಅರಳಬೇಕು, ಎದಿ ಹೊಟ್ಟಿ ನಡುವಿನ ಪರದಿ ಕೆಳಗ ಇಳೀಬೇಕು. ಆ ಮಾಂಸಖಂಡ ಎಲ್ಲಾ ವಿಷಕ್ಕ ಸೋತು ಬಿದ್ದಾವ. ಅವು ಏಳೂ ತನಕ ಇವನ ಉಸಿರು ನಿನ್ನ ಕೈಯಾಗ."

ಹೆಚ್ಚು ಗಾಳಿ ಹೋದಷ್ಟೂ ಒಳ್ಳೆಯದೆಂದು ಮಾನಮ್ಮ ಎರಡೂ ಕೈಯಲ್ಲಿ ಚೀಲವನ್ನು ಗಬಗಬನೆ ಒತ್ತಿದಳು. ಡಾಕ್ಟರು ಅವಳ ಕೈ ತಡೆದರು. "ಅವಸರ ಮಾಡಬ್ಯಾಡ. ಒಳಗಿನ ಕೆಟ್ಟ ಗಾಳಿ ಹೊರಗ ಬರಬೇಕಲ್ಲಾ? ಎದಿ ಇಳೀಲಿ, ಆಮ್ಯಾಲೆ ಒತ್ತು."

ಮಾನಮ್ಮನಿಗೆ ಥಟ್ಟನೆ ತಿಳಿಯಿತು. ಸ್ಲ್ಯಾಬಿನ ಸಾಲಿನಲ್ಲೂ ಹಾಗೇ ಅಲ್ಲವೇ? ಖಾಲಿ ಬುಟ್ಟಿ ವಾಪಸು ಬರುವ ಮುಂಚೆ ತುಂಬಿದ್ದನ್ನು ಕಳಿಸಿದರೆ ಮೇಲಿನವಳ ಕೈ ಕಟ್ಟಿಹೋಗುತ್ತದೆ. ಒತ್ತಿದಳು, ಎದೆ ಏರಿತು. ಬಿಟ್ಟಳು, ತಾನಾಗಿ ಇಳಿಯಿತು. ಆಮೇಲೆ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಎರಡು ದಿನ ಹೀಗೇ ನಡೆಯಿತು. ಕೈ ಸೋತಾಗ ಅಂಬಾರಾಯನ ತಂಡದ ಕಾಡಪ್ಪ ಪಾಳಿ ಹಿಡಿದ. ಶಿವಬಸವ್ವ ರೊಟ್ಟಿ ತಂದು, ಮುಖ ತೋರಿಸಲಾರದೆ ಬಾಗಿಲಲ್ಲೇ ನಿಂತಳು, ಪಾಪ. ಬಾಯಿ ಮುಚ್ಚಿ ಗೊತ್ತಿಲ್ಲದ ಮಾನಮ್ಮ ಎಲ್ಲಿ ಲೆಕ್ಕ ತಪ್ಪುತ್ತದೋ ಎಂದು ಒಂದು ಮಾತೂ ಆಡಲಿಲ್ಲ. ಅಷ್ಟು ಹೆದರಿದ್ದಳು.

ಮೂರನೆಯ ದಿನ ಮಧ್ಯಾಹ್ನ, ಇವಳು ಒತ್ತುವ ಮುಂಚೆಯೇ ಎದೆ ಏರಿತು. ಮಾನಮ್ಮ ಕೂಗಿದ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು.

ಮರುದಿನ ನಳಿಗೆ ತೆಗೆದರು. ಅಂಬಾರಾಯ ಒಡಕು ದನಿಯಲ್ಲಿ ಮೊದಲು ಆಡಿದ ಮಾತು: "ನಿನ್ನ ಕೈಯಾನ ಬಳಿ ಒಡಿಯೂದು ಕೇಳಿಸ್ತು. ಜೀವಂತ ಅದೀನಿ ಅನ್ನಾಕ ಉಸಿರು ಇರಲಿಲ್ಲ."

"ಎಲ್ಲಾ ಕೇಳಿಸ್ತಿತ್ತೇನು?" ಮಾನಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಅವನು ಅವಳ ಎಡಗೈ ಹಿಡಿದುಕೊಂಡ. "ಈ ಬಳಿ ಗಲ್ ಅಂದ್ರ ಉಸಿರು ಬರ್ತಿತ್ತು. ಕಾಡಪ್ಪ ಒತ್ತುವಾಗ ಸಪ್ಪಳಾನೇ ಇಲ್ಲ. ಮುಂದಿನ ಉಸಿರು ಬರ್ತದೋ ಇಲ್ಲೋ ಅಂತ ಭಾಳ ಅಂಜಿಕಿ ಆಗ್ತಿತ್ತು."

ಬಲಗೈಗೆ ಹೊಸ ಬಳೆ ತೊಡಿಸಿದವಳು ಶಿವಬಸವ್ವನೇ. ಅಂಬಾರಾಯ ಮತ್ತೆ ಸೆಂಟ್ರಿಂಗಿಗೆ ಹೋದ, ಎಂಬತ್ತರ ದಶಕವೆಲ್ಲ ದುಡಿದ. ಮಲಗುವ ಹೊತ್ತಿಗೆ ಮಾತ್ರ, "ಮಾನೀ, ಕೈ ಒಂದೀಟು ಅಲ್ಲಾಡಸು" ಎನ್ನುತ್ತಿದ್ದ. ಅವಳು ಎಡಗೈ ಅಲ್ಲಾಡಿಸುತ್ತಿದ್ದಳು, ಅವನಿಗೆ ನಿದ್ದೆ ಬರುತ್ತಿತ್ತು.