ಮೇಷ್ಟ್ರ ಕಾಲಡಿಯ ಬ್ರೇಕು

ಕಾರು ಕಲಿಸುವ ಮೇಷ್ಟ್ರ ಕಾಲಡಿಯಲ್ಲಿ ಇನ್ನೊಂದು ಬ್ರೇಕಿದೆ. ಅದನ್ನು ಅವರು ಪಕ್ಕದವರಿಗೆ ಸುಳಿವೂ ಸಿಗದಂತೆ, ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗೆ ಒತ್ತಬಲ್ಲರು. ಕಲಿಯುವವರ ಪಾದ ಇನ್ನೂ ತಡಕಾಡುತ್ತಿರುವಾಗಲೇ ಕಾರು ಹಾಲಿನವನ ಸೈಕಲ್ಲಿಗೆ ಗೇಣು ದೂರದಲ್ಲಿ ನಿಲ್ಲುತ್ತದೆ. “ಭೇಷ್! ನೋಡಿ, ನೀವೇ ನಿಲ್ಲಿಸಿದ್ರಿ” ಎಂದು ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಹೀಗೆ ನಾಲ್ಕಾರು ಸಲ ಹೊಗಳಿಸಿಕೊಂಡವರು ಮುಂದೊಂದು ದಿನ ನಿಜವಾಗಿಯೂ ತಾವೇ ನಿಲ್ಲಿಸುತ್ತಾರೆ. ಕೊನೆಯ ಪಾಠಕ್ಕೆ ಮೇಷ್ಟ್ರು ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಪದ್ಧತಿ. “ಅಯ್ಯೋ ಸಾರ್, ಕಾಲು ಕೆಳಗಿಡಿ!” ಎಂದು ಯಾರಾದರೂ ಕೂಗಿದರೆ, “ನನ್ನ ಕಾಲು ನಿದ್ದೆ ಮಾಡ್ತಿದೆ, ನಿಮ್ಮದನ್ನ ಎಬ್ಬಿಸಿ” ಎನ್ನುತ್ತಾರೆ. ಅರ್ಧ ಊರಿಗೆ ಹೀಗೆ ಕಾರು ಕಲಿಸಿದರೂ, ಸ್ವಂತ ಹೆಂಡತಿಗೆ ೧೯೯೮ರ ಜೂನ್ ಒಂಬತ್ತರಂದು ಶುರು ಮಾಡಿದ ಪಾಠ ಇಂದಿಗೂ ಮುಗಿದಿಲ್ಲ. ಕಳೆದ ಭಾನುವಾರವೂ ಕಾರು ತಿರುವಿನಲ್ಲಿ ಮೆತ್ತಗೆ ನಿಂತಿತು. “ಭೇಷ್! ನೀನೇ ನಿಲ್ಲಿಸಿದೆ ಕಣೇ” ಎಂದರು ಮೇಷ್ಟ್ರು. “ನಾನು ಬ್ರೇಕಿನ ಮೇಲೆ ಕಾಲೇ ಇಟ್ಟಿರಲಿಲ್ಲ ರೀ” ಎಂದರು ಆಕೆ. “ಕಂಡವರ ಪಕ್ಕದಲ್ಲೆಲ್ಲ ಕಾಲು ಮಡಚಿ ಕೂರ್ತೀರಿ. ನನ್ನ ಪಕ್ಕ ಯಾವಾಗ?” ಮೇಷ್ಟ್ರು ಚಪ್ಪಲಿ ಬಿಟ್ಟರು, ಒಂದು ಕಾಲನ್ನು ಮಡಚಿ ಸೀಟಿನ ಮೇಲಿಟ್ಟರು. ಇನ್ನೊಂದು ಕಾಲು ಮಾತ್ರ, ಅವರ ಮಾತನ್ನೂ ಕೇಳದೆ, ಬ್ರೇಕಿನ ಮೇಲೆಯೇ ಕುಳಿತಿತ್ತು.