ಬೂದಿ ಹಚ್ಚಿದ ತಾಮ್ರದ ಎಳೆಗಳು

ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ಇದಕ್ಕೂ ಮೊದಲು ನಾನು ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ಆದಕಾರಣ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ನಿವೇದಿಸುತ್ತೇನೆ.

ಬನಹಟ್ಟಿಯ ನಮ್ಮ ಮನೆಯಲ್ಲಿ ಅತ್ತೆಯವರು ಇಂದಿಗೂ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ಮಗ್ಗದ ಪಕ್ಕದಲ್ಲಿಯೇ ನನ್ನ ಹವ್ಯಾಸಿ ರೇಡಿಯೊದ ಮೇಜು ಇದೆ. ಈ ವಿದ್ಯೆ ಕಲಿಸಿದವರು ಜಮಖಂಡಿಯ ಒಬ್ಬ ನಿವೃತ್ತ ಶಿಕ್ಷಕರು. ಕಳೆದ ಮಳೆಗಾಲದಲ್ಲಿ ಕೃಷ್ಣೆ ಏರತೊಡಗಿದಾಗ, ಅವರು ಚಿಕ್ಕಪಡಸಲಗಿಯ ಬ್ಯಾರೇಜಿನ ಬಳಿ ಕುಳಿತು ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟವನ್ನು ರೇಡಿಯೊದಲ್ಲಿ ತಿಳಿಸಲು ಒಪ್ಪಿಕೊಂಡರು. ಅಲ್ಲಿ ಮೊಬೈಲ್ ಸಿಗುತ್ತಿರಲಿಲ್ಲ. ಜಮಖಂಡಿಯಲ್ಲಿ ಅವರ ಗೆಳೆಯರೊಬ್ಬರು ಅದನ್ನು ಕೇಳಿ ಹೊಳೆದಂಡೆಯ ತೋಟದ ಮನೆಗಳಿಗೆ ಮುಟ್ಟಿಸುತ್ತಿದ್ದರು. ಆ ಸುದ್ದಿಯನ್ನೇ ನಂಬಿ ಜನರು ದನಕರುಗಳೊಂದಿಗೆ ಅಲ್ಲಿಯೇ ಉಳಿದಿದ್ದರು.

ಬ್ಯಾಟರಿಯಿಂದ ರೇಡಿಯೊಗೆ ಹೋಗುವ ವೈರನ್ನು ಸಿದ್ಧಪಡಿಸುವ ಕೆಲಸ ನನಗೆ ವಹಿಸಲ್ಪಟ್ಟಿತ್ತು. ಅದರೊಳಗಿನ ಎಳೆಗಳು ಕೂದಲಿಗಿಂತ ಸಣ್ಣವು. ಬ್ಲೇಡನ್ನು ಕೊಂಚ ಒತ್ತಿದರೆ ಸಿಪ್ಪೆಯೊಂದಿಗೆ ನಾಲ್ಕಾರು ಎಳೆಗಳೂ ಉದುರುತ್ತಿದ್ದವು. ಸುಲಿದ ತುದಿಯನ್ನು ಹೊಸೆಯಲು ಹೋದರೆ ಬೆವರಿದ ಬೆರಳಿನಿಂದ ಜಾರುತ್ತಿತ್ತು. ಅತ್ತೆಯವರು ಮಗ್ಗದಿಂದಲೇ ನೋಡುತ್ತಿದ್ದರು.

"ಬೂದಿ ಹಚ್ಚಬೇ ಬೆರಳಿಗೆ. ನೇಕಾರ ಮನಿ ಸೊಸಿ ಆಗಿ ಇಷ್ಟೂ ತಿಳಿಯೂದಿಲ್ಲೇನು?"

ಮಗ್ಗದ ಮೇಲೆ ಉದ್ದಕ್ಕೆ ಹಾಯ್ದ ಹಾಸಿನ ಎಳೆ ಹರಿದರೆ ನಮ್ಮ ಮನೆಯಲ್ಲಿ ಬೂದಿಯ ಬೆರಳಿನಿಂದಲೇ ಹೊಸೆದು ಕೂಡಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಎಳೆಗಳು ಚೆನ್ನಾಗಿ ಕೂಡಿಕೊಂಡವು. ಮೇಲೆ ಬೆಸುಗೆ ಹಾಕಿದೆ, ಹೊಳೆಯಿತು. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ವೈರನ್ನು ಜಮಖಂಡಿಗೆ, ಶಿಕ್ಷಕರಿಗೆ ಕಳುಹಿಸಿಕೊಟ್ಟೆ.

ಹತ್ತೂವರೆಯ ಸುದ್ದಿ ನಮ್ಮ ಮಾಳಿಗೆಯ ಆಂಟೆನಾಕ್ಕೂ ಸಣ್ಣಗೆ ಕೇಳಿಸಿತು. ಅದೇ ಸಂತೋಷದಲ್ಲಿ, ಉಳಿದ ತುಂಡಿನ ಮೇಲೆ ಅದೇ ಕ್ರಮದಲ್ಲಿ ಇನ್ನೊಂದು ಬೆಸುಗೆ ಹಾಕಿ ಸುಮ್ಮನೆ ಜಗ್ಗಿದೆ. ಒರೆಯಿಂದ ಕತ್ತಿ ಬಂದಂತೆ ವೈರು ಈಚೆಗೆ ಬಂತು. ಒಳಗೆ ಬೂದಿ ಹಾಗೇ ಇತ್ತು. ಒಂದೇ ಒಂದು ಎಳೆಗೂ ಬೆಸುಗೆಯ ಸೀಸ ಹಿಡಿದಿರಲಿಲ್ಲ.

ಹನ್ನೊಂದರ ಸುದ್ದಿ "ನೀರು ಈಗ..." ಎಂಬಲ್ಲಿಗೆ ಕಡಿದುಹೋಯಿತು.

ಜಮಖಂಡಿಯ ಆ ಗೆಳೆಯರಿಗೆ ಫೋನ್ ಮಾಡಿದರೆ, ಅಲ್ಲಿಯೂ ಅಷ್ಟೇ ಕೇಳಿದೆ ಎಂಬ ಉತ್ತರ ಬಂತು. ತಪ್ಪು ನನ್ನದೆಂದು ಹೇಳದೆಯೇ ಫೋನ್ ಇಟ್ಟೆ. ಬ್ಯಾಟರಿಯಿಂದ ಕಾಯುವ ಸೋಲ್ಡರಿಂಗ್ ಐರನ್ ಮತ್ತು ಬೆಸುಗೆ ಹಿಡಿಯಲೆಂದು ಹಚ್ಚುವ ರಾಳದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಎರಡು ಬಸ್ಸುಗಳ ಆ ದಾರಿಯುದ್ದಕ್ಕೂ ಕಟ್ಟಿದ ದನಗಳ ಕೊರಳವರೆಗೆ ನೀರು ಬಂದಂತೆ ಮನಸ್ಸಿಗೆ ಕಾಣುತ್ತಿತ್ತು. ಎದುರಿಗೆ ಬಂದವರ ಮುಖಗಳಲ್ಲಿ ಕೆಟ್ಟ ಸುದ್ದಿಯನ್ನು ಹುಡುಕಿದೆ.

ಬ್ಯಾರೇಜಿನ ಬಳಿ ಶಿಕ್ಷಕರು ತಗಡಿನ ಚಪ್ಪರದ ಕೆಳಗೆ, ಕಳಚಿದ ವೈರಿನ ತುದಿಯನ್ನು ಎಡಗೈಯ ಎರಡು ಬೆರಳುಗಳಿಂದ ಒತ್ತಿ ಹಿಡಿದು ಕುಳಿತಿದ್ದರು. ಬಲಗೈಯಲ್ಲಿ ಮೈಕ್ ಇತ್ತು. ನಾನು ದಾರಿಯಲ್ಲಿದ್ದಾಗಿನ ಸುದ್ದಿಗಳನ್ನೆಲ್ಲ ಹಾಗೆಯೇ ಮುಟ್ಟಿಸಿದ್ದರಂತೆ.

"ಬಿಟ್ಟರ ಬಂದ್ ಬೀಳತೈತಿ ತಂಗಿ. ಬೆರಳು ಮರಗಟ್ಯಾವು," ಎಂದರು.

"ಸರ, ನಾ ಬೂದಿ ಹಚ್ಚಿದ್ದೆರಿ."

ಅವರು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಸೀರಿ ನೇಯಾಕ ಹೊಂಟಿದ್ದೇನು?" ಎಂದರು. ನಗಲಿಲ್ಲ. ಮುಂದಿನ ಸುದ್ದಿಗೆ ಇಪ್ಪತ್ತು ನಿಮಿಷ ಇದೆ, ಅಷ್ಟರಲ್ಲಿ ಮುಗಿಸು ಎಂದರು.

ತುದಿಯನ್ನು ಕತ್ತರಿಸಿ ಮತ್ತೆ ಸುಲಿದೆ. ಬ್ಲೇಡು ಹೆಚ್ಚು ಒತ್ತಿ ಎರಡು ಎಳೆ ಹೋದವು, ಪುನಃ ಕತ್ತರಿಸಿದೆ. ಸೆರಗಿನಿಂದ ಬೆರಳು ಒರೆಸಿಕೊಂಡು ಹೊಸೆದೆ, ರಾಳ ಮುಟ್ಟಿಸಿದೆ, ಕಾಯಿಸಿದೆ. ಈ ಸಲ ಸೀಸ ಎಳೆಗಳ ನಡುವೆ ತಾನಾಗಿಯೇ ಇಳಿಯಿತು.

"ಜಗ್ಗಿ ನೋಡು."

ಅದಕ್ಕೇ ನಾನು ಹೆಚ್ಚು ಅಂಜಿದ್ದು. ಕಣ್ಣು ಮುಚ್ಚಿ ಜಗ್ಗಿದೆ. ಬರಲಿಲ್ಲ.

ಮುಂದಿನ ಸುದ್ದಿಯಲ್ಲಿ ಅವರು, ನೀರು ಅಪಾಯದ ಗುರುತಿನ ಕಲ್ಲು ದಾಟಿದೆ, ತೋಟದವರು ದನ ಬಿಚ್ಚಿಕೊಂಡು ಈಗಲೇ ಎತ್ತರಕ್ಕೆ ಹೊರಡಲಿ ಎಂದು ಎರಡು ಸಲ ಹೇಳಿದರು. ಬೆಸುಗೆ ಗಟ್ಟಿಯಾಗಿದ್ದರೂ, ಜಮಖಂಡಿಯಿಂದ "ಸುದ್ದಿ ಮುಟ್ಟಿತು" ಎಂಬ ಉತ್ತರ ಬರುವ ತನಕ ನಾನು ವೈರಿನಿಂದ ಕೈ ತೆಗೆಯಲಿಲ್ಲ.