ನೀಲವ್ವ ಅತ್ತಿ ಹಚ್ಚಿಸಿದ ಸುಣ್ಣ

ನೀಲವ್ವ ಅತ್ತಿಯ ಎದುರಿಗೆ ಖಾಲಿ ಕೈಯಲ್ಲಿ ನಿಂತು ಮಾತಾಡಿದ ಮನುಷ್ಯನನ್ನು ನಾನು ನೋಡಿಲ್ಲ. ನಿಲ್ಲಲು ಅವಳು ಬಿಟ್ಟರೆ ತಾನೆ? ಊರ ಗೌಡರು ಬಂದು "ಏನ್ರಿ ನೀಲವ್ವ, ಒಂದ ಮಾತ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಅವರ ಮಡಿಲಲ್ಲಿ ಸುಲಿಯಬೇಕಾದ ಶೇಂಗಾದ ಮೊರ ಬಂದು ಕೂತಿರುತ್ತಿತ್ತು. ಆಶೀರ್ವಾದ ಮಾಡಲು ಬಂದ ಅಯ್ಯನವರು ಆಶೀರ್ವಾದದ ಕೈ ಎತ್ತಿದ್ದೇ ತಡ, ಆ ಕೈಗೆ ನೂಲಿನ ಲಡಿ ಸಿಕ್ಕಿಸಿ ಉಂಡೆ ಸುತ್ತುತ್ತಿದ್ದಳು. "ಬಾಯಿ ಆಡ್ಲಿ, ಬ್ಯಾಡ ಅಂದವರ ಯಾರು? ಕೈ ಯಾಕ ಖಾಲಿ ಇರಬೇಕು?" ಎಂಬುದು ಅವಳ ಸಿದ್ಧಾಂತ. ಬುದ್ಧಿ ಹೇಳಲು ಬಂದವರು ಬುದ್ಧಿಯನ್ನು ಅಲ್ಲೇ ಮರೆತು, ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು.

ಅಂಥವಳಿಗೆ ಬುದ್ಧಿ ಹೇಳಲು ನಮ್ಮಪ್ಪ ಆರಿಸಿದ್ದು ನನ್ನನ್ನು. ನಲವತ್ತೆಂಟರ ಬೇಸಿಗೆ. ನಾನು ಆಳಂದದ ಶಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ರಜೆಗೆ ಗೊಬ್ಬೂರಿನ ನಮ್ಮ ಮನೆಗೆ ಬಂದು, ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು, ದೇಶದ ಭವಿಷ್ಯದ ಬಗ್ಗೆ ಕಣ್ಣು ಮುಚ್ಚಿ ಚಿಂತಿಸುವುದೆಂದು ನಿರ್ಧರಿಸಿದ್ದೆ. ಎರಡು ದಿನ ಚಿಂತಿಸಿದೆ ಕೂಡ. ಮೂರನೆಯ ದಿನ ಅಪ್ಪ ಹೊರಸಿನ ಅಂಚಿಗೆ ಬಂದು ಕೂತ.

"ಮಣ್ಣೂರಿಗಿ ಹೋಗಿ ನಿಮ್ಮ ಅತ್ತಿನ್ನ ಕರ್ಕೊಂಡ ಬಾ. ರಾಚಪ್ಪನ ಸುದ್ದಿ ಛಲೋ ಇಲ್ಲ. ಒಮ್ಮಿಗೇ ಹೇಳಬ್ಯಾಡ, ಸಣ್ಣಗ ಹೇಳು. ಬಳಿ ಒಡಿಯೂ ವಿಚಾರ ಇಲ್ಲಿ ಬಂದ ಮ್ಯಾಲ ನೋಡೋಣು."

ರಾಚಪ್ಪ ಮಾಮಾ ಎಂದರೆ ನೀಲವ್ವ ಅತ್ತಿಯ ಗಂಡ. ಅವರಿಗೆ ಮಕ್ಕಳಿರಲಿಲ್ಲ. ಮಣ್ಣೂರು ಭೀಮಾ ಹೊಳೆಯ ದಂಡೆಯ ಊರು. ಆಚೆ ದಂಡೆಗೆ ಸ್ವರಾಜ್ಯ ಬಂದು ಎಷ್ಟೋ ತಿಂಗಳಾಗಿತ್ತು. ಈಚೆ ದಂಡೆಗೆ ಬರಲು ಅದಕ್ಕಿನ್ನೂ ದೋಣಿ ಸಿಕ್ಕಿರಲಿಲ್ಲ, ನಾವು ನಿಜಾಮರ ಪ್ರಜೆಗಳಾಗಿಯೇ ಉಳಿದಿದ್ದೆವು. ಸ್ವರಾಜ್ಯ ಬರದಿದ್ದರೆ ತಾನೇ ಹೋಗಿ ಕರೆತರುತ್ತೇನೆಂದು ಮಾಮಾ ದೀಪಾವಳಿ ಮುಗಿಸಿ ಹೊಳೆ ದಾಟಿ, ನಿಜಾಮರ ವಿರುದ್ಧ ಹೋರಾಡುತ್ತಿದ್ದ ಗಡಿಯ ಹುಡುಗರನ್ನು ಸೇರಿಕೊಂಡಿದ್ದ. ಸಂಕ್ರಾಂತಿಯ ತನಕ ಆಗೊಮ್ಮೆ ಈಗೊಮ್ಮೆ ಸುದ್ದಿ ಬರುತ್ತಿತ್ತು. ಆಮೇಲೆ ಬಂದದ್ದು ಒಂದೇ ಸುದ್ದಿ: ಹೊಳೆ ದಾಟುವಾಗ ಗುಂಡು ಬಿದ್ದು ಹೋದ ಎಂದು. ನೋಡಿದವನು ಒಬ್ಬ ಅಂಬಿಗನಂತೆ. ಅವನು ಹೇಳಿದ್ದು ಜೇವರ್ಗಿಯ ದನದ ವ್ಯಾಪಾರಿಗೆ. ವ್ಯಾಪಾರಿ ಹೇಳಿದ್ದು ಇನ್ನಾರಿಗೋ. ಹೀಗೆ ಸುತ್ತಿ ಸುತ್ತಿ ಅಪ್ಪನ ಕಿವಿಗೆ ಬರುವ ಹೊತ್ತಿಗೆ ಗುಂಡು ಎಡ ಎದೆಗೆ ಬಿತ್ತು ಎಂಬುದೂ ಗೊತ್ತಾಗಿತ್ತು.

ಮಣ್ಣೂರಿಗೆ ಹೋದಾಗ ಅತ್ತಿ ಅಂಗಳದಲ್ಲಿ ನಿಚ್ಚಣಿಕೆಗೆ ಹಗ್ಗ ಬಿಗಿಯುತ್ತಿದ್ದಳು. ಮುಂಗೈ ತುಂಬ ಹಸಿರು ಬಳೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತನ್ನು ನಾನು ಶುರು ಮಾಡಿದೆ.

"ಅತ್ತಿ, ಅಪ್ಪ ಒಂದ ಮಾತ ಹೇಳ್ಯಾನ..."

"ಹೇಳ್ಯಾನಲ್ಲ, ಎಲ್ಲಿ ಓಡಿ ಹೋಗ್ತದ ಅದು? ಈ ತುದಿ ಹಿಡಿ ಮೊದಲ. ಜಗ್ಗು. ಮಾಸ್ತರಕಿ ಮಾಡಿ ಕೈಯಾನ ಶಕ್ತಿ ಎಲ್ಲಾ ಬಾಯಿಗಿ ಬಂದದ ನೋಡು."

"ಏನ ನಡಿಸೀದಿ ಇದು?"

"ಮನಿಗಿ ಸುಣ್ಣ ಹಚ್ಚೋದದ."

"ಈಗ?"

"ಬ್ಯಾಸಗ್ಯಾಗ ಬಿಟ್ಟು ಮಳಿಗಾಲದಾಗ ಹಚ್ತಾರೇನ ನಿಮ್ಮ ಆಳಂದದಾಗ?"

ಹೊಳೆದಂಡೆಯ ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ಆಚೆಗೆ ಹೋಗಿತ್ತು. ಉಳಿದ ಅರ್ಧ ಹೊತ್ತು ಮುಳುಗುವ ಮೊದಲೇ ಕದ ಹಾಕಿಕೊಳ್ಳುತ್ತಿತ್ತು. ನಿಜಾಮರ ಕಡೆಯ ಬಂದೂಕಿನವರ ಕುದುರೆಗಳು ಯಾವಾಗ ಬರುತ್ತವೋ ಯಾರಿಗೂ ಗೊತ್ತಿರಲಿಲ್ಲ. ಇಂಥ ಸುಮುಹೂರ್ತದಲ್ಲಿ ನಮ್ಮ ಅತ್ತಿಗೆ ಮನೆಯ ಅಂದಚಂದದ ಚಿಂತೆ ಹತ್ತಿತ್ತು. ಅವಳ ತಲೆ ಸರಿ ಇಲ್ಲ ಎಂದು ನಾನು ಅಲ್ಲೇ ತೀರ್ಪು ಕೊಟ್ಟುಕೊಂಡೆ. ತಲೆ ಸರಿ ಇದ್ದ ನಾನು ಮರುದಿನ ಬೆಳಿಗ್ಗೆ ಅವಳ ಬಂಡಿ ಹೊಡೆದುಕೊಂಡು, ಕಲ್ಲುಸುಣ್ಣ ಮತ್ತು ಅದಕ್ಕೆ ಬೆರೆಸುವ ಅಂಟು ತರಲು ಅಫಜಲಪುರಕ್ಕೆ ಹೊರಟೆ.

ಸುಣ್ಣದ ಚೀಲ ಹೇರಿಕೊಂಡು ಬರುವಾಗ ನಾಕಾದಲ್ಲಿ ಒಬ್ಬ ಸಿಪಾಯಿ ಬಂಡಿ ನಿಲ್ಲಿಸಿದ. ಪಟ್ಟಣದಿಂದ ಹೊಸದಾಗಿ ಬಂದವನು. ಬಂದೂಕು ಅವನಿಗಿಂತ ಎತ್ತರವಿತ್ತು.

"ಇಸ್ಮೇ ಕ್ಯಾ ಹೈ ರೇ?"

"ಚೂನಾ ಹೈ ಸಾಬ್, ಘರ್ ಕೂ ಲಗಾನೇಕಾ."

ಈ ಕಾಲದಲ್ಲಿ ಮನೆಗೆ ಸುಣ್ಣ ಹಚ್ಚುವ ಮೂರ್ಖನೂ ಇರುತ್ತಾನೆಯೇ ಎಂದು ಅವನಿಗೆ ಅನುಮಾನ. ನ್ಯಾಯವಾದ ಅನುಮಾನವೇ. ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದುಕೊಂಡೇ ಬಂಡಿ ಹತ್ತಿ ಚೀಲ ತಡಕಿದ. ಎತ್ತು ಕೊಸರಿತು, ತಂಬಿಗೆ ಚೀಲದ ಮೇಲೆ ಮಗುಚಿತು. ಕಲ್ಲುಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತದೆಂದು ಊರ ಕೂಸಿಗೂ ಗೊತ್ತು, ಅವನಿಗೆ ಗೊತ್ತಿರಲಿಲ್ಲ. ಚೀಲ ಬುಸುಗುಟ್ಟಿತು, ಹೊಗೆ ಬಿಟ್ಟಿತು, ಒಳಗೆ ಚಟಚಟ ಎಂದಿತು. "ಬಾಂಬ್!" ಎಂದು ಚೀರಿದ ಸಿಪಾಯಿ ಬಂಡಿಯಿಂದ ಹಾರಿ ಜಾಲಿಕಂಟಿಯ ಹಿಂದೆ ಮರೆಯಾದ. ನಾನೂ ಕಡಿಮೆ ವೀರನಲ್ಲ, ಇನ್ನೊಂದು ಜಾಲಿಕಂಟಿಯ ಹಿಂದಿದ್ದೆ. ಎತ್ತುಗಳು ಮಾತ್ರ ಧೈರ್ಯವಾಗಿ ನಿಂತಿದ್ದವು.

ಇಷ್ಟು ಸಾಹಸ ಮಾಡಿ ಸುಣ್ಣ ತಂದರೆ ಅತ್ತಿ ಅಂಟಿನ ಪೊಟ್ಟಣ ಬಿಚ್ಚಿ ನೋಡಿ ಹಣೆ ಬಡಿದುಕೊಂಡಳು.

"ಇದು ತಿನ್ನೂ ಅಂಟಲೇ ಮಾಸ್ತರ! ಬಾಣಂತಿಗಿ ಉಂಡಿ ಕಟ್ಟೂ ಅಂಟು. ಇದನ್ನ ಗ್ವಾಡಿಗಿ ತಿನ್ನಸ್ಲೇನ?"

"ಅಂಟ ಅಂದ್ರ ಅಂಟ. ಹಾಕು."

"ಹೋಗ, ಗ್ವಾಡಿ ಏನ ಹಡದಾದೇನು?"

ಅಂದು ಸಂಜೆಯೇ ಕೊಬ್ಬರಿ ಬೆಲ್ಲ ಹಾಕಿ ಅಂಟಿನ ಉಂಡೆ ಕಟ್ಟಿದಳು. ನಾವಿಬ್ಬರೂ ಬಾಣಂತಿಯರ ಹಾಗೆ ದಿನಾ ಒಂದೊಂದು ತಿಂದೆವು. ಸುಣ್ಣ ಅಂಟಿಲ್ಲದೆಯೇ ಗೋಡೆ ಹತ್ತಿತು, ಒರಗಿದವರ ಬೆನ್ನಿಗೂ ಹತ್ತಿತು.

ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಕಣ್ಣು ಉರಿಯುತ್ತದೆ. ಸುಣ್ಣ ಅರಳಿಸಲು ನೀರನ್ನು ಮೆಲ್ಲಗೆ ಹಾಕು ಎಂದಿದ್ದಳು, ನಾನು ಬೇಗ ಮುಗಿಯಲೆಂದು ಕೊಡಗಟ್ಟಲೆ ಸುರಿದೆ. ಅವಳ ಅತ್ತೆಯ ಕಾಲದ ದೊಡ್ಡ ಮಣ್ಣಿನ ರಂಜಣಗಿ ಟಪ್ಪೆಂದು ಎರಡಾಯಿತು. "ನಮ್ಮ ಅತ್ತಿ ಸತ್ತಾಗ ಸೈತ ಇಷ್ಟ ಸಂಕಟ ಆಗಿದ್ದಿಲ್ಲ" ಎಂದಳು ಅತ್ತಿ. ನಿಚ್ಚಣಿಕೆ ಹತ್ತಿ ಜಂತಿ ನೋಡುತ್ತ ಪುಂಡಿ ನಾರಿನ ಕುಂಚ ಆಡಿಸಿದೆ, ಕುಂಚದ ಸುಣ್ಣ ಕಣ್ಣಿಗೆ ಸುರಿಯಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಗಾದೆ. ಅತ್ತಿ ಹಾಗೆ ಭೇದ ಮಾಡುವವಳಲ್ಲ. ಎರಡೂ ಕಣ್ಣಿಗೆ ಮೊದಲು ಸುಣ್ಣ, ಆಮೇಲೆ ನೀರು ಹೊಡೆದು ಎರಡೂ ಕಣ್ಣಿಗೆ ಬೆಣ್ಣೆ.

ಈ ನಡುವೆ ಉಪದೇಶಕರ ಹಿಂಡು ದಿನವೂ ಬರುತ್ತಿತ್ತು. ಗೌಡರು ಬಂದರು, ಸುಣ್ಣ ಸೋಸುವ ಅರಿವೆ ಹಿಡಿದುಕೊಂಡು ನಿಂತರು. ಅಯ್ಯನವರು ಬಂದರು, ಕೆಳಗಿನ ಗೋಡೆಗೆ ಎರಡು ಕುಂಚ ಎಳೆದರು. ಓಣಿಯ ಹಿರಿಯ ಹೆಂಗಸರು ಕಣ್ಣಿಗೆ ಸೆರಗು ಹಚ್ಚಿಕೊಂಡು ಬಂದರು, ಅದೇ ಸೆರಗು ನಡುವಿಗೆ ಸಿಕ್ಕಿಸಿ ನೆಲ ಸಾರಿಸಿ ಹೋದರು. ಯಾರಿಗೂ "ಬಳೆ" ಎಂಬ ಶಬ್ದದ ತನಕ ತಲುಪಲು ಆಗಲಿಲ್ಲ. ನನಗಂತೂ ಅಪ್ಪನ ಮಾತಿನ ಮೊದಲ ಅಕ್ಷರವೂ ಹೊರಡಲಿಲ್ಲ. ನಾಳೆ ಹೇಳಿದರಾಯಿತು ಎಂದು ದಿನಾ ರಾತ್ರಿ ಮಲಗುತ್ತಿದ್ದೆ.

ಕೊನೆಗೆ ಉಳಿದದ್ದು ನಡುಮನೆಯ ಒಂದು ಗೋಡೆ. ಮಾಮಾ ಉಂಡ ಮೇಲೆ ಎಲೆ ಅಡಿಕೆ ಹಾಕಿಕೊಂಡು ಒರಗುತ್ತಿದ್ದ ಗೋಡೆ. ಅದಕ್ಕೆ ಬರೀ ಸುಣ್ಣ ಸಾಲದು, ಕೂತವರ ಹೆಗಲಿನ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿಯೂ ಬೇಕು ಎಂದಳು. ಗೆರೆ ನೆಟ್ಟಗೆ ಬರಲು ಕೆಮ್ಮಣ್ಣಿನಲ್ಲಿ ಅದ್ದಿದ ಒಂದು ದಾರ ಬಿಗಿಯಬೇಕಾಗಿತ್ತು. ಆಗಲೇ ಅವಳ ಮೈದುನ ಸಿದ್ರಾಮ ಬಂದ. ಬಂದವನ ಕೈಗೆ ದಾರದ ಒಂದು ತುದಿ ಹೋಯಿತು. ಇನ್ನೊಂದು ತುದಿ ಅತ್ತಿಯ ಕೈಯಲ್ಲಿ. ನಾನು ದಾರದ ಗುಂಟ ಕೆಮ್ಮಣ್ಣು ಎಳೆಯುತ್ತ ಹೊರಟೆ. ಸಿದ್ರಾಮ ಒಳ್ಳೆಯವನೇ. ಊರ ಮಂದಿಯ ಬಾಯಿಗೆ ಹೆದರುವವನು, ಅಷ್ಟೇ. ಅಂದು ಮಾತ್ರ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದ.

"ವೈನಿ, ಎಷ್ಟ ದಿನಾ ಹಿಂಗ? ಮಂದಿ ಆಡ್ಕೋತಾರ. ಅಣ್ಣನ ಕಾರ್ಯ ಒಂದ ಮಾಡಿ ಮುಗಿಸಿದ್ರ... ಕೈಯಾನ ಬಳಿ..."

ನನ್ನ ಕುಂಚ ನಿಂತಿತು.

"ನೀ ಎಳಿಲೇ ಮಾಸ್ತರ" ಎಂದಳು ಅತ್ತಿ. ಆಮೇಲೆ ಸಿದ್ರಾಮನ ಕಡೆ ತಿರುಗಿದಳು. "ಸತ್ತ ಮನಿಗಿ ವರ್ಷ ತುಂಬೂತನಕ ಸುಣ್ಣ ಹಚ್ತಾರೇನಪಾ ನಮ್ಮ ಕಡಿ?"

"ಇಲ್ರಿ ವೈನಿ. ಅದ್ಹ್ಯಾಂಗ ಹಚ್ತಾರ?"

"ಮತ್ತ ನೀ ಈಗ ಏನ ಮಾಡಾಕತ್ತೀದಿ?"

ಸಿದ್ರಾಮ ತನ್ನ ಕೈ ನೋಡಿಕೊಂಡ. ಬೆರಳೆಲ್ಲ ಕೆಂಪಾಗಿದ್ದವು.

"ನೀ ಹಚ್ಚೀದಿ. ಗೌಡರು ಹಚ್ಚ್ಯಾರ. ಅಯ್ಯನವರೂ ಹಚ್ಚ್ಯಾರ. ಓಣಿಯಾಗ ಕೈ ಹಚ್ಚಲಾರದವರ ಒಬ್ಬರಿಲ್ಲ. ಇದು ಸತ್ತ ಮನಿ ಆಗಿದ್ರ ನೀವೆಲ್ಲಾ ಹಚ್ತಿದ್ರೇನು? ಇನ್ನ ಮ್ಯಾಲ ಯಾರರೆ ಬಳಿ ಸುದ್ದಿ ತಗದ್ರ, ಮೊದಲ ತಮ್ಮ ಕೈ ಮೂಸಿ ನೋಡ್ಕೊಳ್ರಿ."

ದಾರ ಹಿಡಿದ ಸಿದ್ರಾಮನ ಕೈ ಮೆಲ್ಲಗೆ ಕೆಳಗಿಳಿಯಿತು. ನಾನು ವಿಧೇಯ ಅಳಿಯ, ದಾರದ ಗುಂಟವೇ ಹೋದೆ. ಮುಗಿಸಿ ಹಿಂದೆ ಸರಿದು ನೋಡಿದರೆ ಪಟ್ಟಿ ಅರ್ಧ ಗೋಡೆಯಿಂದ ಆಚೆ ಬಾವಿಗೆ ಇಳಿಯುವ ಹಾಗೆ ಸೊಟ್ಟಗೆ ಇಳಿದಿತ್ತು. ಅಳಿಸಿ ತೆಗೆಯುತ್ತೇನೆಂದೆ.

"ಇರ್ಲಿ ಬಿಡು. ಅವರು ಬಂದು ನೋಡಿ ನಗಲಿ" ಎಂದಳು. "ಈ ಗ್ವಾಡಿಗಿ ಮಾತ್ರ ಯಾರೂ ಬೆನ್ನ ಹಚ್ಚಬ್ಯಾಡ್ರಿ. ಇದು ಅವರದು."

ಇಷ್ಟು ದಿನ ನಾನು ಮರುಳೆಂದು ನಗುತ್ತಿದ್ದ ಹೆಂಗಸು ಇಡೀ ಊರಿನ ಕೈಯಲ್ಲಿ ಸಾಕ್ಷಿ ಹಾಕಿಸಿಕೊಂಡಿದ್ದಳು. ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಸಂಜೆ ಅಂಗಳದಲ್ಲಿ ಕೂತಾಗ ಕೇಳಿದೆ.

"ಅತ್ತಿ, ಮಾಮಾ ಖರೇನೇ ಬರ್ತಾರಂತೀದೇನು?"

ಅವಳು ಅಕ್ಕಿ ಆರಿಸುತ್ತಿದ್ದಳು. ಎಷ್ಟೋ ಹೊತ್ತು ಕಲ್ಲೇ ಸಿಗಲಿಲ್ಲ ಅವಳಿಗೆ.

"ನನಗ ಹ್ಯಾಂಗ ಗೊತ್ತಲೇ? ಒಮ್ಮೊಮ್ಮಿ ಬರ್ತಾರ ಅನಸ್ತದ. ಒಮ್ಮೊಮ್ಮಿ ಎದಿ ಧಸ್ ಅಂತದ. ಆದ್ರ ಹಚ್ಚಿದ ಸುಣ್ಣ ನಾಳೆ ಕೆರದ ತಗೀಲಾಕ ಬರ್ತದ. ಒಡದ ಬಳಿ ಕೂಡಸಲಾಕ ಬರ್ತದೇನು?"

ಅಪ್ಪನ ಮಾತನ್ನು ನಾನು ಹೇಳಲೇ ಇಲ್ಲ. ರಜೆ ಮುಗಿಯಿತು. ಕೈ ತುಂಬ ಬೊಬ್ಬೆ ಹೊತ್ತು, ಅತ್ತಿ ಇಲ್ಲದೆ, ಒಬ್ಬನೇ ಗೊಬ್ಬೂರಿಗೆ ಮರಳಿದೆ. "ಎಲ್ಲಿ ಅಕಿ?" ಎಂದು ಅಪ್ಪ ಕೇಳಿದ. "ಮನಿಗಿ ಸುಣ್ಣ ಹಚ್ಚ್ಯಾಳ" ಎಂದೆ. ಮುಂದೆ ನಮ್ಮ ಮನೆಯಲ್ಲಿ ಯಾರೂ ಬಳೆಯ ಮಾತು ತೆಗೆಯಲಿಲ್ಲ.

ಮಳೆಗಾಲದ ಕೊನೆಗೆ ಸ್ವರಾಜ್ಯಕ್ಕೆ ಅಂತೂ ದೋಣಿ ಸಿಕ್ಕಿತು. ಹೊಳೆಯ ಆಚೆಗೆ ಹೋದವರು ಒಬ್ಬೊಬ್ಬರಾಗಿ ಮರಳತೊಡಗಿದರು. ಮಾಮಾನ ಸುದ್ದಿ ಮಾತ್ರ ಗೊಬ್ಬೂರಿಗೆ ಬರಲಿಲ್ಲ. ದಾರಿ ಸುರಕ್ಷಿತವಾಯಿತೆಂದು ತಿಳಿದ ಕೂಡಲೇ ಮಣ್ಣೂರಿಗೆ ಹೊರಟೆ. ಅತ್ತಿಗೆ ಏನು ಹೇಳುವುದೆಂದು ಮತ್ತೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಊರ ಮುಂದೆ ಕುಂಬಾರನ ಆವಿಗೆ. ಅಲ್ಲಿ ಒಬ್ಬ ಸಣಕಲು ಮನುಷ್ಯ ನನ್ನ ಕಡೆ ಬೆನ್ನು ಮಾಡಿ, ಬಗ್ಗಿ ಒಂದು ದೊಡ್ಡ ರಂಜಣಗಿಯನ್ನು ಬಡಿದು ಬಡಿದು ನೋಡುತ್ತಿದ್ದ. ಅವನ ಅಂಗಿಯ ಬೆನ್ನು ತುಂಬ ಸುಣ್ಣ ಹತ್ತಿತ್ತು. ಸುಣ್ಣದ ನಡುವೆ, ಒಂದು ಹೆಗಲಿನಿಂದ ಸೊಟ್ಟಗೆ ಕೆಳಗಿಳಿದ ಕೆಂಪು ಪಟ್ಟಿ.

ಜಗತ್ತಿನಲ್ಲಿ ಅಂಥ ಸೊಟ್ಟ ಪಟ್ಟಿ ಇದ್ದದ್ದು ಒಂದೇ ಗೋಡೆಯ ಮೇಲೆ. ಆ ಗೋಡೆಗೆ ಒರಗುವ ಹಕ್ಕಿದ್ದವನು ಒಬ್ಬನೇ. ನಾನು ನಡುದಾರಿಯಲ್ಲಿ ನಿಂತು ಅತ್ತುಬಿಟ್ಟೆ.

ಮಾಮಾ ತಿರುಗಿ ನೋಡಿದ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿದ್ದವು.

"ರಂಜಣಗಿ ಒಡದಾಂವ ನೀನೇ ಏನಲೇ? ವರ್ಷ ಆಗಲಾಕ ಬಂತು ಮನಿ ಬಿಟ್ಟು, ಎಲ್ಲಿದ್ದಿ, ಹ್ಯಾಂಗಿದ್ದಿ ಅಂತ ಕೇಳ್ತಾಳಂತ ಮಾಡೀನಿ. ಜರಾ ಗ್ವಾಡಿಗಿ ಒರಗಿ ಕುಂತೀನಿ, ಅಷ್ಟರಾಗ ಕೈಯಾಗ ಹಗ್ಗ ಕೊಟ್ಟು, ಹೋಗಿ ಹೊಸಾ ರಂಜಣಗಿ ತಗೊಂಡ ಬರ್ರಿ ಅಂದ್ಳು. ಹಿಡಿ, ನೀನ ಹೊರು."

ನಾನೇ ಹೊತ್ತೆ. ಮನೆ ಮುಟ್ಟಿದಾಗ ಅತ್ತಿ ಹೊಸ್ತಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ, ರಂಜಣಗಿಯನ್ನೂ ನೋಡಲಿಲ್ಲ. ನನ್ನ ಹಿಂದೆ ಬರುತ್ತಿದ್ದವನನ್ನು ನೋಡುತ್ತಿದ್ದಳು. ಅವಳ ಕೈಯಲ್ಲಿ ಅಂದು ಏನೂ ಇರಲಿಲ್ಲ. ಬಳೆಯ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿದಂತೆ ಕಾಣಲಿಲ್ಲ.

ಅವಳನ್ನು ಖಾಲಿ ಕೈಯಲ್ಲಿ ಮತ್ತೆ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಅವಳು ತೀರಿಕೊಂಡ ದಿನ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ನಡುಮನೆಯ ಅದೇ ಗೋಡೆಗೆ ಕೂರಿಸಿದ್ದರು. ಪ್ರತಿ ಬೇಸಿಗೆಯಲ್ಲೂ ಅವಳು ಅದಕ್ಕೆ ಹೊಸ ಸುಣ್ಣ ಹಚ್ಚಿಸಿ, ಸೊಟ್ಟ ಪಟ್ಟಿಯನ್ನು ಸೊಟ್ಟಗೇ ಎಳೆಸುತ್ತಿದ್ದಳು, ಅಂಟು ಮಾತ್ರ ಒಮ್ಮೆಯೂ ಹಾಕಿಸಲಿಲ್ಲ. ಹಸಿರು ಬಳೆಯ ಕೈಗಳು ಮಡಿಲಲ್ಲಿ ಸುಮ್ಮನೆ ಇದ್ದವು. ಯಾರೋ ಹೆಣ್ಣುಮಗಳು, "ಹೊಸಾ ಸೀರಿಗಿ ಸುಣ್ಣ ಹತ್ತಾಕತ್ತಾದ, ಜರಾ ಮುಂದ ಸರಸ್ರಿ" ಎಂದಳು.

"ಹತ್ಲಿ ಬಿಡ್ರಿ" ಎಂದ ಮಾಮಾ.